ಮತ್ಸ್ಯಗೃಹ ಪಾನಕ ಮೀಮಾಂಸೆ

ಕೃತಿ: ಫಿಶ್ ಹೌಸ್ ಪಂಚ್ ಎಂಬ ಮದ್ಯಮಿಶ್ರಿತ ಪಾನಕ. ಕರ್ತೃ: ಅಜ್ಞಾತ. ದೇಶ: ಅಮೆರಿಕದ ಫಿಲಡೆಲ್ಫಿಯಾ. ಕಾಲದ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಪಾನಗೋಷ್ಠಿಯಲ್ಲಿ ಕೂತವರು ತಾರೀಖು ಬರೆದಿಡುವುದಿಲ್ಲವಾದ್ದರಿಂದ ಅದು ಸಹಜ. ಆಶ್ರಯದಾತರ ವಿಷಯ ಮಾತ್ರ ನಿರ್ವಿವಾದ. 1732ರಲ್ಲಿ ಸ್ಕೂಲ್‌ಕಿಲ್ ನದಿಯ ದಡದಲ್ಲಿ ಹುಟ್ಟಿದ ಮೀನು ಹಿಡಿಯುವವರ ಕ್ಲಬ್ಬು ಅದು. ಇವರು ತಮ್ಮನ್ನು ಒಂದು ಸಂಸ್ಥಾನವೆಂದೇ ಸಾರಿಕೊಂಡು ಗವರ್ನರು, ಶಾಸನಸಭೆ, ಶೆರೀಫು ಎಲ್ಲವನ್ನೂ ಇಟ್ಟುಕೊಂಡಿದ್ದರು. ಅಸಹಜ ಸಾವುಗಳನ್ನು ವಿಚಾರಿಸುವ ಕೊರೋನರ್ ಹುದ್ದೆಯೂ ಇತ್ತು. ಮೀನು ತಿನ್ನುವವರಿಗೆ ಕೊರೋನರ್ ಏಕೆ? ಪಾನಕದ ಪ್ರಾಚೀನತೆಗೆ ಇದಕ್ಕಿಂತ ಬಲವಾದ ಆಂತರಿಕ ಪ್ರಮಾಣ ಬೇಕಿಲ್ಲ.

1822ರ ಫೇರ್‌ಮೌಂಟ್ ಅಣೆಕಟ್ಟು ಆ ನದಿಯ ಮೀನುಗಾರಿಕೆಗೆ ಕಲ್ಲು ಹಾಕಿತು. ಕ್ಲಬ್ಬು ಜಾಗ ಬದಲಿಸುತ್ತ ಕೊನೆಗೆ ಡೆಲವೇರ್ ನದಿಯ ದಡ ಸೇರಿತು. ನದಿ ಬಿಟ್ಟರು, ಪಂಚ್ ಬಿಡಲಿಲ್ಲ. ಯಾವುದು ಅಂಗಿ (ಮುಖ್ಯ), ಯಾವುದು ಅಂಗ (ಪೂರಕ) ಎಂಬ ಚರ್ಚೆ ಇಲ್ಲಿಗೆ ಮುಗಿಯಿತು.

ಇನ್ನು ಪಾಠನಿರ್ಣಯ. ನಮಗಿರುವ ಮುಖ್ಯ ಆಕರ ಜೆರ್ರಿ ಥಾಮಸ್ ಎಂಬ ಬಾರ್‌ಟೆಂಡರ್ 1862ರಲ್ಲಿ ಪ್ರಕಟಿಸಿದ ಗ್ರಂಥ. ಅಳತೆಗಳನ್ನು ಮಿಲಿಲೀಟರಿಗೆ ತಿರುಗಿಸಿದರೆ: ಕೋನ್ಯಾಕ್ 240, ಜಮೈಕಾ ರಮ್ 120, ಪೀಚ್ ಬ್ರಾಂದಿ 120, ನಿಂಬೆರಸ 160, ಸಕ್ಕರೆ 340 ಗ್ರಾಂ, ತಣ್ಣೀರು 1,200. ಎಲ್ಲ ಸೇರಿ ಸುಮಾರು ಎರಡು ಲೀಟರು. ಇದು ಸಾಮಾನ್ಯವಾಗಿ ಒಬ್ಬರಿಗೆ ಸಾಕೆಂದು ಗ್ರಂಥಕಾರ ಕೊನೆಯಲ್ಲಿ ಸೇರಿಸಿದ್ದಾನೆ.

ಪೂರ್ವಪಕ್ಷ: ಋಷಿವಾಕ್ಯ, ಅಕ್ಷರಶಃ ಪಾಲಿಸಬೇಕು. ಹಾಗಾದರೆ ನಲವತ್ತು ಜನರ ಸಮಾರಂಭಕ್ಕೆ ಎಂಬತ್ತು ಲೀಟರು, ಜೊತೆಗೆ ಮೇಲೆ ಹೇಳಿದ ಕೊರೋನರ್. ಸಿದ್ಧಾಂತ: ಆ ವಾಕ್ಯ ಬರೀ ಅರ್ಥವಾದ, ವಿಧಿಯಲ್ಲ. ಐದು ಪಟ್ಟು ಕಲಸಿದರೆ ಹತ್ತು ಲೀಟರು, ತಲೆಗೆ ಎರಡು ಸಣ್ಣ ಬಟ್ಟಲು. ಮದ್ಯದ ಪಾಲು ಹಂಚಿದರೆ ಒಬ್ಬೊಬ್ಬರಿಗೆ 60 ಮಿಲಿಲೀಟರು, ಅಂದರೆ ಒಂದು ಲಾರ್ಜ್. ಮನೆಗೆ ನಡೆದು ಹೋಗುವವರಿಗೆ ಇದು ಶಾಸ್ತ್ರಸಮ್ಮತ.

ಪ್ರಯೋಗ ಭಾಗದಲ್ಲಿ ಮೊದಲ ಸಂಸ್ಕಾರ ಸಿಪ್ಪೆಯದು. ನಿಂಬೆಯ ಹಳದಿ ಹೊರಪದರವನ್ನಷ್ಟೇ ತೆಳ್ಳಗೆ ಹೆರೆದು (ಬಿಳಿಯದು ಕಹಿ) ಸಕ್ಕರೆಯಲ್ಲಿ ಕಿವುಚಿ ಗಂಟೆಗಟ್ಟಲೆ ಬಿಡಬೇಕು. ಸಕ್ಕರೆ ಸಿಪ್ಪೆಯ ಎಣ್ಣೆಯನ್ನು ಎಳೆದುಕೊಂಡು ಒದ್ದೆಯಾಗುತ್ತದೆ. ಇಡೀ ಪಾನಕದ ಘಮ ಇರುವುದು ಇಲ್ಲೇ. ಅವಸರದವರು ಇದನ್ನು ಬಿಟ್ಟು, ಆಮೇಲೆ ರಮ್ಮನ್ನು ಬೈಯುತ್ತಾರೆ. ಆನಂತರ ರಸ, ನೀರು, ಮದ್ಯ. ಮಂಜುಗಡ್ಡೆ ಒಂದೇ ಇರಲಿ, ಪಾತ್ರೆಯಷ್ಟು ದೊಡ್ಡದಿರಲಿ: ಹಿಂದಿನ ರಾತ್ರಿಯೇ ಒಂದು ಬೋಗುಣಿ ನೀರನ್ನು ಹೆಪ್ಪುಗಟ್ಟಿಸಿಡಿ. ಚೂರುಗಳಿಗೆ ಮೈ ಹೆಚ್ಚು, ಬೇಗ ಕರಗುತ್ತವೆ. ತಡವಾಗಿ ಬಂದ ಅತಿಥಿಗೆ ನಿಂಬೆನೀರು ಸಿಗುತ್ತದೆ.

ನೀರಿನ ಬದಲು ಚಹಾದ ಡಿಕಾಕ್ಷನ್ ಹಾಕುವ ಪಾಠವೊಂದು ಈಚೆಗೆ ಪ್ರಚಾರದಲ್ಲಿದೆ. ರುಚಿ ಕೆಟ್ಟದ್ದಲ್ಲ, ಆದರೆ ಪ್ರಕ್ಷಿಪ್ತ. ಪೀಚ್ ಬ್ರಾಂದಿಯ ಜಾಗದಲ್ಲಿ ಸಿಹಿ ಪೀಚ್ ಲಿಕ್ಯೂರ್ ಸುರಿಯುವುದು ಮಾತ್ರ ಶುದ್ಧ ಅಪಪಾಠ. ಹಳಬರದು ಹಣ್ಣನ್ನು ಹುಳಿಸಿ ಭಟ್ಟಿ ಇಳಿಸಿ ಪೀಪಾಯಿಯಲ್ಲಿ ಮಾಗಿಸಿದ ಖಡಕ್ ಸರಕು. ಅಂಥದ್ದು ಇಂದು ಅಪರೂಪ. ಯಾರ ಬಳಿಯಾದರೂ ಇದ್ದರೆ ಸಂಪಾದನಾ ಕಾರ್ಯಕ್ಕಾಗಿ ಸೀಲು ಒಡೆಯದೆ ಕಳುಹಿಸಿಕೊಡಬೇಕಾಗಿ ವಿನಂತಿ. ಖಾಲಿ ಬಾಟಲಿಯನ್ನು ವಾಪಸು ಮಾಡಲಾಗುವುದು.