ಗೋಗೋಷ್ಠ

ಆಮಂತ್ರಣ ಪತ್ರಿಕೆಯಲ್ಲಿ ‘ಗೋಷ್ಠಿ-1’, ‘ಗೋಷ್ಠಿ-2’ ಎಂದು ಅಚ್ಚಾದದ್ದನ್ನು ಓದಿ ಓದಿ, ಆ ಶಬ್ದದೊಳಗೆ ಒಂದು ಆಕಳು ನಿಂತಿದೆ ಎಂಬುದೇ ನಮಗೆ ಮರೆತುಹೋಗಿದೆ. ‘ಗೋ’ ಎಂದರೆ ಆಕಳು, ‘ಸ್ಥ’ ಎಂದರೆ ನಿಲ್ಲುವ ತಾಣ. ಎರಡೂ ಕೂಡಿದಾಗ ‘ಸ್ಥ’ ಹೋಗಿ ‘ಷ್ಠ’ ಆಗುವುದಕ್ಕೆ ಪಾಣಿನಿ ಸೂತ್ರವನ್ನೇ ಬರೆದಿಟ್ಟಿದ್ದಾನೆ. ಹಾಗಾಗಿ ಗೋಷ್ಠವೆಂದರೆ ದನದ ಕೊಟ್ಟಿಗೆ. ಋಗ್ವೇದದ ಆರನೆಯ ಮಂಡಲದಲ್ಲಿ, ಆಕಳುಗಳು ಬಂದು ಗೋಷ್ಠದಲ್ಲಿ ನೆಮ್ಮದಿಯಾಗಿ ಇರಲಿ ಎಂಬ ಹಾರೈಕೆಯಿದೆ. ಆ ಗೋಷ್ಠದ ಮಗಳೇ ನಮ್ಮ ಗೋಷ್ಠಿ. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು ಎಲ್ಲ ತವರುಮನೆ ಬಿಟ್ಟ ಮೇಲೆ ಬಂದ ಒಡವೆಗಳು.

ಮುಂದೆ ಇನ್ನೂ ಸ್ವಾರಸ್ಯದ ಒಂದು ಸಂಗತಿ ನಡೆಯಿತು. ಬಳಸಿ ಬಳಸಿ ಗೋಷ್ಠ ಎಂಬ ಶಬ್ದ ತನ್ನ ಆಕಳನ್ನೇ ಮರೆಯಿತು. ಕುರಿ ಕೂಡುವ ಜಾಗವೂ ಗೋಷ್ಠ, ಎಮ್ಮೆ ಕಟ್ಟುವ ಜಾಗವೂ ಗೋಷ್ಠ. ಆಗ ವ್ಯಾಕರಣದವರು ಕುರಿಯದಕ್ಕೆ ‘ಅವಿಗೋಷ್ಠ’, ಎಮ್ಮೆಯದಕ್ಕೆ ‘ಮಹಿಷೀಗೋಷ್ಠ’ ಎಂದು ಒಪ್ಪಿಕೊಂಡರು. ಹಾಗಾದರೆ ಆಕಳಿನ ಕೊಟ್ಟಿಗೆಗೆ? ‘ಗೋಗೋಷ್ಠ’! ಎರಡು ಸಾವಿರ ವರ್ಷಗಳ ಹಿಂದೆಯೇ ಇದಕ್ಕೆ ವ್ಯಾಕರಣದ ಮುದ್ರೆ ಬಿದ್ದಿದೆ. ನಮ್ಮವರು ‘ನಡು ಸೆಂಟರ್’ ಅಂದಾಗ ನಗುವ ಪಂಡಿತರು ಇದನ್ನೊಮ್ಮೆ ನೋಡಬೇಕು.

ಕೊಟ್ಟಿಗೆಯಿಂದ ಪಂಡಿತರ ಸಭೆಗೆ ಶಬ್ದ ಹೇಗೆ ನಡೆದುಬಂತು? ದನ ಬೆಳಗಿನಲ್ಲಿ ಹೊರಡುವ, ಸಂಜೆ ತಿರುಗಿ ಬರುವ ಜಾಗದಲ್ಲಿ ದನದವರೂ ಕೂಡುತ್ತಾರೆ. ಕೂಡಿದವರು ಸುಮ್ಮನೆ ಕೂಡುವುದಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ವಾತ್ಸ್ಯಾಯನನ ಕಾಮಸೂತ್ರದ ಹೊತ್ತಿಗೆ ಗೋಷ್ಠಿ ಪೇಟೆ ಸೇರಿ ನಾಗರಿಕವಾಗಿತ್ತು: ಸರೀಕರು ಒಂದೆಡೆ ಕೂಡುವುದು, ಕಾವ್ಯದ ಸಮಸ್ಯೆ ಬಿಡಿಸುವುದು, ಕಲೆಯ ಮಾತಾಡುವುದು. ಬೆನ್ನಿಗೇ ‘ಆಪಾನಕ’ದ ವರ್ಣನೆಯೂ ಬರುತ್ತದೆ. ಅದೇನೆಂದು ಬಿಡಿಸಿ ಹೇಳಬೇಕಿಲ್ಲ. ಗ್ರೀಕರಂತೂ ಸುತ್ತುಬಳಸು ಮಾಡಲೇ ಇಲ್ಲ. ಅವರ ‘ಸಿಂಪೋಸಿಯಂ’ ಎಂದರೆ ಕೂಡಿ ಕುಡಿಯುವುದು ಎಂದೇ ಅರ್ಥ. ಪ್ಲೇಟೋ ಬರೆದ ಸಿಂಪೋಸಿಯಂನಲ್ಲಿ, ಹಿಂದಿನ ದಿನದ ಕುಡಿತ ಇನ್ನೂ ಇಳಿದಿಲ್ಲ, ಇವತ್ತು ಹಗುರಾಗಿ ಕುಡಿಯೋಣ, ಪ್ರೇಮದ ಮೇಲೆ ಭಾಷಣ ಮಾಡೋಣ ಎಂದು ಅತಿಥಿಗಳು ಗೊತ್ತುವಳಿ ಮಾಡುತ್ತಾರೆ. ಕೊನೆಗೆ ಎಲ್ಲರೂ ಮಲಗಿರುತ್ತಾರೆ, ಸಾಕ್ರೆಟಿಸ್ ಒಬ್ಬನೇ ಎದ್ದು ನಡೆಯುತ್ತಾನೆ. ಮಧ್ಯಾಹ್ನ ಊಟದ ನಂತರದ ನಮ್ಮ ಗೋಷ್ಠಿಗಳಲ್ಲಿ ಕುಡಿತವಿಲ್ಲದೆಯೂ ಈ ಸ್ಥಿತಿ ಬರುತ್ತದೆ, ಸಾಕ್ರೆಟಿಸ್ ಒಬ್ಬನನ್ನು ಬಿಟ್ಟು.

ಅಫಜಲಪುರ ತಾಲ್ಲೂಕಿನ ನಮ್ಮ ಮಣ್ಣೂರ ಭೀಮಾ ದಂಡೆಯ ಊರು. ಸಂಜೆ ಗುಡಿ ಕಟ್ಟೆಯ ಮೇಲೆ ಮಂದಿ ಕೂಡುತ್ತಾರೆ. ತೊಗರಿಯ ದರ, ಹೊಳೆಗೆ ಬಿಟ್ಟ ನೀರು, ಯಾರದೋ ಮದುವೆ, ದಿಲ್ಲಿಯ ರಾಜಕಾರಣ ಎಲ್ಲಕ್ಕೂ ಅಲ್ಲಿ ಜಾಗವಿದೆ. ಅಧ್ಯಕ್ಷರಿಲ್ಲ. ಗೋಷ್ಠಿಯ ಈ ಕುಲಮೂಲವನ್ನು ಅಲ್ಲಿನ ಕಾಕಾ ಒಬ್ಬರಿಗೆ ಸಡಗರದಿಂದ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತ ಪೂರಾ ಕೇಳಿಸಿಕೊಂಡರು.

“ಅಂದ್ರ ತಮ್ಮಾ, ನಾವು ದನಾ ಕಟ್ಟೂ ಜಾಗಾದಾಗ ನೀವು ಬ್ಯಾನರ್ ಕಟ್ಟೀರಿ ಅನ್ನು.”

ಸರ್ಟಿಫಿಕೇಟಿಗಾಗಿ ಸಂಜೆತನಕ ಕೂತಿರಬೇಕಾಗುತ್ತದೆ ಎಂದು ನಾನು ಸೇರಿಸಿದಾಗ, “ಹಂಗಾರ ಅದು ಕೊಟಗಿ ಅಲ್ಲ, ಕೊಂಡವಾಡ” ಎಂದು ತಿದ್ದಿದರು. ತುಡುಗು ದನವನ್ನು ದಂಡ ಕಟ್ಟುವವರೆಗೆ ಕೂಡಿಹಾಕುವ ಜಾಗ ಅದು. ನೋಂದಣಿ ಶುಲ್ಕವನ್ನು ಮುಂಚೆಯೇ ಕಟ್ಟಿಸಿಕೊಳ್ಳುತ್ತಾರೆ ಎಂಬ ಸಂಗತಿಯನ್ನು ನಾನು ಹೇಳಲು ಹೋಗಲಿಲ್ಲ.

ಗೋಷ್ಠಿಯೊಂದೇ ಹಳ್ಳಿಯಿಂದ ಬಂದದ್ದು ಎಂದು ನಾಚಿಕೊಳ್ಳಬೇಕಾಗಿಲ್ಲ. ಇಂಗ್ಲಿಷಿನ ‘ಸೆಮಿನಾರ್’ ಲ್ಯಾಟಿನ್ನಿನ ‘ಸೆಮಿನಾರಿಯಂ’ನಿಂದ ಬಂದದ್ದು; ಅದರರ್ಥ ಸಸಿಮಡಿ. 18ನೇ ಶತಮಾನದ ಜರ್ಮನ್ ವಿಶ್ವವಿದ್ಯಾಲಯಗಳು ಅದನ್ನು ಗದ್ದೆಯಿಂದ ತರಗತಿಗೆ ತಂದವು. ಅದಕ್ಕೆ ನಾವು ಕನ್ನಡದಲ್ಲಿ ‘ವಿಚಾರ ಸಂಕಿರಣ’ ಎನ್ನುತ್ತೇವೆ. ಸಂಕಿರಣದ ಮೂಲದಲ್ಲಿರುವ ‘ಕೄ’ ಧಾತುವಿಗೆ ಚೆಲ್ಲುವುದು, ಎರಚುವುದು ಎಂದರ್ಥ. ಬೆಳಕು ಚೆಲ್ಲುವ ಕಿರಣವೂ ಅದರದೇ, ಬೆರಕೆಯಾದ ಸಂಕೀರ್ಣವೂ ಅದರದೇ. ಅಲ್ಲಿ ಬೀಜ, ಇಲ್ಲಿ ಚೆಲ್ಲುವಿಕೆ! ಇದು ಗೊತ್ತಿದ್ದೇ ಮಾಡಿದ ಜಾಣತನವೋ ಆಕಸ್ಮಿಕವೋ, ಬಿತ್ತನೆಯಂತೂ ಪೂರ್ತಿಯಾಯಿತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ತೊಗರಿಯ ಈ ಸೀಮೆಯಲ್ಲಿ ಸೆಮಿನಾರ್ ಎಂಬ ಶಬ್ದ ತನ್ನ ಸ್ವಂತ ಹೊಲಕ್ಕೆ ಬಂದು ಕೂತಿದೆ. ಬಿತ್ತಿದ್ದೆಲ್ಲ ಹುಟ್ಟುತ್ತದೆಯೇ ಎಂಬ ಪ್ರಶ್ನೆಯನ್ನು ಒಕ್ಕಲುತನ ಬಲ್ಲವರು ಕೇಳುವುದಿಲ್ಲ.

ನಮ್ಮ ಕಲಬುರಗಿ ಜಿಲ್ಲೆಗೆ ಈ ಕೂಟಗಳು ಹೊಸವೂ ಅಲ್ಲ. ರಾಷ್ಟ್ರಕೂಟರ ಮಳಖೇಡದಲ್ಲಿದ್ದ ನೃಪತುಂಗನ ಸಭೆಯಿಂದಲೇ ಕವಿರಾಜಮಾರ್ಗ ಬಂತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವಿತ್ತು. 1058ರ ಅಲ್ಲಿನ ಶಾಸನದಲ್ಲಿ ವೇದ-ಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಉಪಾಧ್ಯಾಯರ ಜೊತೆಗೆ ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರ ಲೆಕ್ಕವೂ ಇದೆ, ಆರು ಮಂದಿ. ಇವತ್ತು ಎಷ್ಟು ಕಾಲೇಜುಗಳಲ್ಲಿ ಆರು ಮಂದಿ ಗ್ರಂಥಪಾಲಕರಿದ್ದಾರೆ? ಹೋಗಲಿ. ವಿಶ್ವವಿದ್ಯಾಲಯಗಳ ಘಟಿಕೋತ್ಸವದಲ್ಲಿ ಉಳಿದಿರುವುದು ಅದೇ ಘಟಿಕೆ. ಘಟಿಕೆ ಎಂದರೆ ಸಣ್ಣ ಗಡಿಗೆ. ಹೊತ್ತು ಅಳೆಯುವ ಬಟ್ಟಲೂ ಅದೇ. ಕವಿಗೋಷ್ಠಿಯ ಅಧ್ಯಕ್ಷರ ಮೇಜಿನ ಮೇಲಿನ ಗಂಟೆಯನ್ನು ಕಂಡಾಗಲೆಲ್ಲ ಆ ಬಟ್ಟಲು ನೆನಪಾಗುತ್ತದೆ. ಅದಕ್ಕಾದರೆ ಹೊತ್ತು ತುಂಬಿದಾಗ ನೀರಲ್ಲಿ ಮುಳುಗುವ ಮರ್ಯಾದೆಯಿತ್ತು. ಗಂಟೆ ಎಷ್ಟು ಬಾರಿಸಿದರೂ ಕವಿ ‘ಕೊನೆಯದಾಗಿ ಒಂದು ಚುಟುಕು’ ಎನ್ನುತ್ತಲೇ ಇರುತ್ತಾನೆ.

ಕಲಬುರಗಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಾಲ್ಕು ಸಲ ಕೂಡಿದೆ: 1928ರಲ್ಲಿ ಬಿ.ಎಂ. ಶ್ರೀಕಂಠಯ್ಯ, 1949ರಲ್ಲಿ ಉತ್ತಂಗಿ ಚನ್ನಪ್ಪ, 1987ರಲ್ಲಿ ಸಿದ್ದಯ್ಯ ಪುರಾಣಿಕ, 2020ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರು. ಸಮ್ಮೇಳನವೆಂದರೆ ಗೋಷ್ಠಿಗಳ ಜಾತ್ರೆ. ಆದರೆ ಊಟದ ಪೆಂಡಾಲಿನ ಸಾಲಿನಲ್ಲಿ, ಪುಸ್ತಕದ ಅಂಗಡಿಯ ಮುಂದೆ, ಚಹಾದ ಗಾಡಿಯ ಸುತ್ತ ನಿಂತವರ ಮಾತಿನಲ್ಲಿ ಗೋಷ್ಠಿಯ ಮೂಲ ವಾಸನೆ ಹೆಚ್ಚಾಗಿರುತ್ತದೆ. ವೇದಿಕೆಯ ಮೇಲೆ ಒಬ್ಬರು ಮಾತಾಡಿದರೆ ಉಳಿದವರು ಕೇಳಬೇಕು. ಇಲ್ಲಿ ಹಾಗಲ್ಲ, ಯಾರೂ ಯಾರನ್ನೂ ಕಟ್ಟಿಹಾಕಿಲ್ಲ, ಆದರೂ ಯಾರೂ ಹೋಗುವುದಿಲ್ಲ.

ಇದನ್ನೂ ಕಾಕಾಗೆ ಹೇಳಿದೆ. ಅವರ ಚಿಂತೆ ಬೇರೆಯೇ ಇತ್ತು.

“ಅದೆಲ್ಲಾ ಇರ್ಲಿ. ನಾವು ದನಕ್ಕ ಕಣಿಕಿ ಹಾಕ್ತೀವಿ. ನಿಮ್ಮ ಗೋಷ್ಠಿಯೊಳಗ ನಿಮಗೇನ್ ಹಾಕ್ತಾರ?”

“ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ.”

“ಹಿಂಡಿನೂ ಹಾಕ್ತಾರ?” ಕಾಕಾ ಸಮಾಧಾನದಿಂದ ಎಲೆ ಬಾಯಿಗಿಟ್ಟುಕೊಂಡರು. “ಹಂಗಾರ ಹೆಸರು ಬರೋಬ್ಬರಿ ಅದ ಬಿಡು.”