ಹಾರನಹಳ್ಳಿ: ಯುರೋಪಿನ ಒಂದು ಅಲಕ್ಷಿತ ವಿಶ್ವವಿದ್ಯಾಲಯ ನಗರ (ಪಿಎಚ್.ಡಿ. ಪದವಿಗಾಗಿ ಸಲ್ಲಿಸಬೇಕೆಂದಿರುವ ಮಹಾಪ್ರಬಂಧದ ಸಾರಲೇಖ)

ಪ್ರಸ್ತಾವನೆ

ಯುರೋಪಿನಲ್ಲಿ ಯಾರ ಕಣ್ಣಿಗೂ ಬೀಳದ ಹಳೆಯ ವಿಶ್ವವಿದ್ಯಾಲಯದ ಊರೊಂದಿದೆ, ಅಲ್ಲಿಯ ಕಾಫಿ ಕುಡಿಯದವನ ಜನ್ಮ ವ್ಯರ್ಥ ಎಂಬ ಧಾಟಿಯ ಲೇಖನಗಳು ಭಾನುವಾರದ ಪುರವಣಿಗಳಲ್ಲಿ ಬರುತ್ತಲೇ ಇರುತ್ತವೆ. ವಾರದಿಂದ ವಾರಕ್ಕೆ ಬದಲಾಗುವುದು ಊರಿನ ಹೆಸರು ಮಾತ್ರ. ಪ್ರಸ್ತುತ ಸಂಶೋಧಕನು ಇಂಥ ಲೇಖನಗಳನ್ನು ಆಮೂಲಾಗ್ರ ಪರಿಶೀಲಿಸಿ (ಹಳೆಯ ಪೇಪರಿನ ಅಂಗಡಿಯವರ ಸಹಕಾರವನ್ನು ಇಲ್ಲಿ ಸ್ಮರಿಸಲೇಬೇಕು) ಅಂಥ ಊರಿನ ಲಕ್ಷಣಗಳನ್ನು ಗುರುತಿಸಿದ್ದಾನೆ. ಊರಿಗೆ ಹದಿಮೂರನೆಯ ಶತಮಾನದ ಆಸುಪಾಸಿನ ವಿದ್ಯೆಯ ನಂಟಿರಬೇಕು. ನೋಡಲು ಕಲ್ಲಿನ ಕಟ್ಟಡ ಬೇಕು. ಜನರೆಲ್ಲ ಮುಗಿಬೀಳುವ ಇನ್ನೊಂದು ಊರು ಹತ್ತಿರದಲ್ಲೇ ಇರಬೇಕು. ಕಾಫಿ ಸಿಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿಗೆ ಯಾರೂ ಹೋಗಿರಬಾರದು.

ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಗೆ ಈ ಎಲ್ಲ ಲಕ್ಷಣಗಳೂ ಇವೆ. ಆದ್ದರಿಂದ ಹಾರನಹಳ್ಳಿ ಯುರೋಪಿನಲ್ಲಿದೆ. ಅದು ಅರಸೀಕೆರೆಯಿಂದ ಹಾಸನದ ದಾರಿಯಲ್ಲಿ ಎಂಟು ಕಿಲೋಮೀಟರ್ ದೂರದಲ್ಲಿದೆಯಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅದು ಭೂಗೋಳ ವಿಭಾಗದವರು ಇತ್ಯರ್ಥ ಮಾಡಬೇಕಾದ ವಿಷಯ. ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಪೂರ್ವಾಧ್ಯಯನಗಳ ಸಮೀಕ್ಷೆ

ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಕಾಫಿಯ ಮಾತೆತ್ತಲಿಲ್ಲ. ಹಾಗಾಗಿ ಮುಂದಿನ ಅಧ್ಯಾಯ.

ಸ್ಥಾಪನೆಯ ಕಾಲ ಮತ್ತು ಕರ್ತೃಗಳು

ಹೋಲಿಕೆಗೆ ಇಟಲಿಯ ಪಾದುವಾ ನಗರವನ್ನು ಆರಿಸಿಕೊಂಡಿದೆ. ಏಕೆಂದರೆ ಅದಕ್ಕೂ ಹಾರನಹಳ್ಳಿಗೂ ಒಂದೇ ಗ್ರಹಚಾರ. ಪಾದುವಾದ ಪಕ್ಕದಲ್ಲಿ ವೆನಿಸ್ ಇದೆ; ಲೋಕವೆಲ್ಲ ರೈಲಿನ ಕಿಟಕಿಯಿಂದ ಪಾದುವಾವನ್ನು ನೋಡಿ, ಓಹೋ ಎಂದು, ವೆನಿಸ್ಸಿಗೆ ಹೋಗಿ ಇಳಿಯುತ್ತದೆ. ಹಾರನಹಳ್ಳಿಗೆ ವೆನಿಸ್ ಒಂದಲ್ಲ, ಎರಡು: ಬೇಲೂರು, ಹಳೇಬೀಡು. ಬೆಂಗಳೂರಿನ ಟೆಂಪೋ ಟ್ರಾವೆಲರುಗಳು ಬೆಳಿಗ್ಗೆ ಒಂದನ್ನೂ ಮಧ್ಯಾಹ್ನ ಇನ್ನೊಂದನ್ನೂ ಮುಗಿಸಿ, ಕತ್ತಲಾಗುವಷ್ಟರಲ್ಲಿ ಚಿಕ್ಕಮಗಳೂರಿನ ಹೋಂಸ್ಟೇಯಲ್ಲಿ ಕ್ಯಾಂಪ್‌ಫೈರ್ ಹಾಕಿರುತ್ತವೆ.

ಬೊಲೋನ್ಯದ ಆಡಳಿತದೊಂದಿಗೆ ಮುನಿಸಿಕೊಂಡ ವಿದ್ಯಾರ್ಥಿಗಳೂ ಅಧ್ಯಾಪಕರೂ ಗಂಟುಮೂಟೆ ಕಟ್ಟಿಕೊಂಡು ಬಂದದ್ದರಿಂದ ಪಾದುವಾ ವಿಶ್ವವಿದ್ಯಾಲಯ 1222ರಲ್ಲಿ ಹುಟ್ಟಿತು. ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ 1235ರದ್ದು. ನಡುವಿನ ಅಂತರ 13 ವರ್ಷ. ನಮ್ಮ ಕಾಮಗಾರಿಗಳ ಲೆಕ್ಕದಲ್ಲಿ ಇದಕ್ಕೆ ಸಕಾಲ ಎನ್ನುತ್ತಾರೆ. ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಅಣ್ಣತಮ್ಮಂದಿರು. ಅರಸೀಕೆರೆ ತಾಲ್ಲೂಕಿನಲ್ಲಿ ಮೂವರು ಅಣ್ಣತಮ್ಮಂದಿರು ಸೇರಿ ಇಷ್ಟು ದೊಡ್ಡ ಆಸ್ತಿ ಮಾಡಿದರು, ಅದೂ ದೇವರ ಹೆಸರಿಗೆ ಬರೆದರು ಎನ್ನುವುದೇ ಪ್ರತ್ಯೇಕ ಸಂಶೋಧನೆಗೆ ಅರ್ಹವಾದ ಸಂಗತಿ.

ಗುಡಿಗೆ ಗರ್ಭಗೃಹ ಮೂರು, ಶಿಖರ ಒಂದೇ. ಕಲಾಚರಿತ್ರಕಾರರು ಇದನ್ನು ತ್ರಿಕೂಟ ಎಂದು ಕರೆದು ಸುಮ್ಮನಾಗಿದ್ದಾರೆ. ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರಿಗೆ ಒಳಗಿನ ಮರ್ಮ ಕೂಡಲೇ ಹೊಳೆಯುತ್ತದೆ: ವಿಭಾಗ ಮೂರು, ಅನುದಾನ ಬಂದದ್ದು ಒಂದಕ್ಕೆ. ಕಟ್ಟಲು ಬಳಸಿರುವುದು ಬಳಪದ ಕಲ್ಲು. ಇಡೀ ಕ್ಯಾಂಪಸ್ಸನ್ನೇ ಬಳಪದಲ್ಲಿ ಕಟ್ಟಿದ ವಿಶ್ವವಿದ್ಯಾಲಯ ಭೂಮಂಡಲದಲ್ಲಿ ಬೇರೆಲ್ಲಿದೆ? ಒಳಗಿನ ಕಂಬಗಳನ್ನು ಚರಕಿ ಹಿಡಿದು ತಿರುಗಿಸಿ ನುಣುಪು ಮಾಡಿದ್ದಾರೆ. ಹೊರಗೋಡೆಯ ಬುಡದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂದು ಆರು ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ. ಆರು ಸೆಮಿಸ್ಟರಿನ ಪದವಿ ವ್ಯವಸ್ಥೆಗೆ ಇದಕ್ಕಿಂತ ಹಳೆಯ ದಾಖಲೆ ಸಿಕ್ಕಿಲ್ಲ. ಆನೆಯ ಪಟ್ಟಿಕೆ ಎಲ್ಲಕ್ಕಿಂತ ಕೆಳಗೆ: ಮೊದಲ ಸೆಮಿಸ್ಟರಿಗೆ ಬಂದವರ ಗಾತ್ರ ದೊಡ್ಡದು, ಹೊರುವ ಭಾರವೂ ದೊಡ್ಡದು. ಹಂಸಕ್ಷೀರನ್ಯಾಯ ಬರುವುದು ಕೊನೆಯ ಸೆಮಿಸ್ಟರಿನಲ್ಲಿ, ಬಂದರೆ.

ಸಮೀಪದಲ್ಲೇ ಸೋಮೇಶ್ವರ ದೇವಾಲಯವಿದೆ. ನಕ್ಷೆ ಅದೇ ಧಾಟಿಯದು, ಗರ್ಭಗೃಹ ಒಂದು. ಕೆತ್ತನೆ ಮಾತ್ರ ಪೂರ್ತಿಯಾಗದೆ ಅಲ್ಲಲ್ಲಿ ನಿಂತಿದೆ. ಕಾರಣವೇನೆಂದು ವಿದ್ವಾಂಸರು ಯುದ್ಧ, ಬರ, ಪೋಷಕರ ಮರಣ ಮುಂತಾಗಿ ಊಹಿಸುವುದುಂಟು. ಅಷ್ಟು ದೂರ ಹೋಗಬೇಕಾಗಿಲ್ಲ. ಅರ್ಧಕ್ಕೆ ನಿಂತ ಪಿಎಚ್.ಡಿ. ನೋಡಲು ಹೀಗೆಯೇ ಇರುತ್ತದೆ: ಅಸ್ತಿಭಾರ ಗಟ್ಟಿ, ಮೊದಲೆರಡು ಅಧ್ಯಾಯ ಸೊಗಸು, ಆಮೇಲೆ ಬರಿ ಕಲ್ಲು.

ಪಾದುವಾದವರು 1595ರಲ್ಲಿ ಕಟ್ಟಿದ ಅಂಗರಚನಾ ಶಾಲೆಯ ಬಗ್ಗೆ ಬಹಳ ಹೇಳಿಕೊಳ್ಳುತ್ತಾರೆ. ಸುತ್ತಲೂ ಮೇಲೆ ಮೇಲೆ ಕಟಾಂಜನ, ನಡುವೆ ಮೇಜು, ಮೇಜಿನ ಮೇಲೆ ಹೆಣ. ಇರಲಿ. ಹಾರನಹಳ್ಳಿಯವರು ಅದಕ್ಕಿಂತ 360 ವರ್ಷ ಮೊದಲೇ ಯಾರ ಹೆಸರಿನಲ್ಲಿ ಗುಡಿ ಕಟ್ಟಿದರು? ಉಪಕರಣವಿಲ್ಲದೆ, ಅರಿವಳಿಕೆಯಿಲ್ಲದೆ, ಹೊಸ್ತಿಲ ಮೇಲೆ, ಸಂಜೆಯ ಅರೆಬೆಳಕಿನಲ್ಲಿ ಉದರದ ಶಸ್ತ್ರಕ್ರಿಯೆ ನಡೆಸಿದ ಆಚಾರ್ಯನ ಹೆಸರಿನಲ್ಲಿ. ಇಲ್ಲಿ ಅವನು ಮಡದಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಶಾಂತನಾಗಿದ್ದಾನೆ. ಪ್ರಾಕ್ಟಿಕಲ್ ಮುಗಿದಿತ್ತು.

ಅಗ್ರಹಾರ ವಿಶ್ವವಿದ್ಯಾಲಯವೇ?

ಬಾಹ್ಯ ಪರೀಕ್ಷಕರು ಕೇಳಬಹುದಾದ ಪ್ರಶ್ನೆ ಇದೊಂದೇ; ಅವರು ಊಟಕ್ಕೆ ಮೊದಲು ಕೇಳುವುದರಿಂದ ಇಲ್ಲಿ ತುಸು ವಿವರವಾಗಿ ಉತ್ತರಿಸಿದೆ.

ಕನ್ನಡ ನಾಡಿನಲ್ಲಿ ಓದಿಗೆ ಊಟ, ವಸತಿ, ದೀಪದ ಎಣ್ಣೆ ಎಲ್ಲವನ್ನೂ ಕಲ್ಲಿನಲ್ಲಿ ಬರೆದುಕೊಟ್ಟ ದಾಖಲೆಗಳಿವೆ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ 945ರ ಹೊತ್ತಿಗೆ ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಇರಲು ಮನೆಗಳಿದ್ದವು, ದೀಪಕ್ಕೆಂದೇ ಜಮೀನಿತ್ತು; ಊರಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರಲ್ಲಿ ಅರ್ಧ ಕೊಡಬೇಕಿತ್ತು. ಈ ಪದ್ಧತಿ ಉಳಿದಿದ್ದರೆ ನಮ್ಮ ಅರಮನೆ ಮೈದಾನದ ಒಂದು ಸೀಸನ್ನಿನ ಮದುವೆಗಳಿಂದಲೇ ಎಲ್ಲ ಅತಿಥಿ ಉಪನ್ಯಾಸಕರ ಬಾಕಿ ಸಂಬಳ ತೀರುತ್ತಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರಿದ್ದಾರೆ. ಆರು ಜನ ಗ್ರಂಥಪಾಲಕರು! ಈ ವಾಕ್ಯವನ್ನು ಓದಿ ಹೇಳಿದಾಗ ಸರ್ಕಾರಿ ಕಾಲೇಜಿನ ಗ್ರಂಥಪಾಲಕರೊಬ್ಬರು ಎದ್ದುನಿಂತು ಕೈಮುಗಿದರು. ಅವರ ಹುದ್ದೆಯೇ ಪ್ರಭಾರದ್ದು.

ಹಾರನಹಳ್ಳಿಯಂಥ ಹೊಯ್ಸಳರ ಅಗ್ರಹಾರವೂ ಈ ಪರಂಪರೆಯದೇ. ಆದರೆ ಪ್ರವೇಶ ಪರೀಕ್ಷೆ ಹುಟ್ಟುವಾಗಲೇ ಮುಗಿದಿರುತ್ತಿತ್ತು, ಫಲಿತಾಂಶ ತೊಟ್ಟಿಲಲ್ಲೇ ಪ್ರಕಟವಾಗುತ್ತಿತ್ತು. ಕಲ್ಲು ಕಡೆದ ರೂವಾರಿ ತನ್ನ ಹೆಸರನ್ನು ಗೋಡೆಯ ಮೇಲೆ ಕೊರೆಯಬಹುದಿತ್ತು (ಪಕ್ಕದ ಜಾವಗಲ್ಲಿನಲ್ಲೂ ನುಗ್ಗೇಹಳ್ಳಿಯಲ್ಲೂ ಮಲ್ಲಿತಮ್ಮ ಹೀಗೆ ಅಮರನಾಗಿದ್ದಾನೆ), ಹಾಜರಿ ಪುಸ್ತಕದಲ್ಲಿ ಅಲ್ಲ. ಈ ವಿಷಯದಲ್ಲಿ ಪಾದುವಾ ಮುಂದಿತ್ತು ಎಂದು ಬೀಗುವವರಿಗೆ ಒಂದು ಮಾತು. ಅದು 1678ರಲ್ಲಿ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಎಂಬಾಕೆಗೆ ಡಾಕ್ಟರೇಟ್ ಕೊಟ್ಟು ಲೋಕಪ್ರಸಿದ್ಧವಾಯಿತು. ಆಮೇಲೆ ಇನ್ನೊಬ್ಬಾಕೆ ಬಂದು ಕೇಳಿದಾಗ, ಸಾಕು, ಒಬ್ಬರಿಗೆ ಕೊಟ್ಟಾಯಿತು ಎಂದು ಬಾಗಿಲು ಹಾಕಿಕೊಂಡಿತು.

ಇನ್ನು ನ್ಯಾಕ್ ಶ್ರೇಣಿ. ಹಾರನಹಳ್ಳಿಗೆ ಇಲ್ಲ. ಆದರೆ ಬಾಳಿಕೆಯ ಅಂಕ ಕೊಡುವುದಾದರೆ ಗಮನಿಸಬೇಕು: ಇದೇ ಜಿಲ್ಲೆಯಲ್ಲಿ ಹಾಸನ ವಿಶ್ವವಿದ್ಯಾಲಯ 2023ರಲ್ಲಿ ಆರಂಭವಾಯಿತು; 2025ರಲ್ಲಿ, ಮುಚ್ಚಬಹುದಾದ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರು ಕೇಳಿಬಂತು. ಹಾರನಹಳ್ಳಿಯನ್ನು ಮುಚ್ಚಬೇಕೆಂದು ಯಾವ ಉಪಸಮಿತಿಯೂ ಹೇಳಿಲ್ಲ. ಕಚೇರಿಗಳು ಕೈಬಿಟ್ಟಿವೆ, ಅದು ನಿಜ. ಒಂದು ಕಾಲಕ್ಕೆ ತಾಲ್ಲೂಕಿನ ಹೆಸರೇ ಹಾರನಹಳ್ಳಿ ತಾಲ್ಲೂಕು. ಬೆಂಗಳೂರಿನಿಂದ ಹೊರಟ ರೈಲು 1889ರಲ್ಲಿ ಅರಸೀಕೆರೆಯ ಮೇಲೆ ಹಾದು ಹರಿಹರ ಮುಟ್ಟಿತು. ಅಮಲ್ದಾರರ ಕಚೇರಿ, ಸಂತೆ, ಕೊಬ್ಬರಿ ಮಂಡಿ ಎಲ್ಲ ಕಬ್ಬಿಣದ ಹಳಿಯ ಕಡೆಗೇ ವಾಲಿದವು. ಯಾವ ಊರಿನ ಅಲಕ್ಷ್ಯಕ್ಕೂ ಒಬ್ಬ ಇಂಜಿನಿಯರ್ ಕಾರಣನಾಗಿರುತ್ತಾನೆ.

ಭವಿಷ್ಯಶಾಸ್ತ್ರ ವಿಭಾಗಕ್ಕೆ ಕೋಡಿಮಠವಿದೆ. ಮಳೆ, ಬೆಳೆ, ಸರ್ಕಾರದ ಆಯಸ್ಸು ಕುರಿತು ಇಲ್ಲಿಂದ ಹೊರಡುವ ನುಡಿಗೆ ಸುದ್ದಿವಾಹಿನಿಗಳು ಕ್ಯಾಮೆರಾ ಹೊತ್ತು ಓಡಿಬರುತ್ತವೆ. ಪಾದುವಾದಲ್ಲಿ ಗೆಲಿಲಿಯೋ 1592ರಿಂದ 1610ರವರೆಗೆ ಪಾಠ ಹೇಳಿದ, ದೂರದರ್ಶಕದಲ್ಲಿ ಗುರುವಿನ ಚಂದ್ರರನ್ನು ಕಂಡ. ಒಂದು ಬ್ರೇಕಿಂಗ್ ನ್ಯೂಸೂ ಬರಲಿಲ್ಲ.

ಕಾಫಿ: ಬೀಜ, ಚಿತ್ರ ಮತ್ತು ಪುದೀನ

ಈ ಅಧ್ಯಾಯವೇ ಪ್ರಬಂಧದ ಹೃದಯ. ಅರಸೀಕೆರೆ ತಾಲ್ಲೂಕು ಬಯಲುಸೀಮೆ. ತೆಂಗು, ರಾಗಿ, ಕೊಬ್ಬರಿ. ಕಾಫಿ ಗಿಡ ಬೆಳೆಯುವುದು ಇದೇ ಜಿಲ್ಲೆಯ ಪಡುವಣದಲ್ಲಿ, ಸಕಲೇಶಪುರ, ಆಲೂರು, ಬೇಲೂರಿನ ಮಲೆನಾಡಿನಲ್ಲಿ. ಒಂದು ಗಿಡವೂ ಇಲ್ಲದ ಊರಿಗೆ ಕಾಫಿ ಸಂಸ್ಕೃತಿ ಎಲ್ಲಿಂದ ಬರಬೇಕು ಎಂದು ಕೇಳುವವರು ಪಾದುವಾದ ಹೊಲಗಳಲ್ಲಿ ಎಷ್ಟು ಕಾಫಿ ಬೆಳೆಯುತ್ತದೆಂದು ಮೊದಲು ಹೇಳಲಿ. ಗಿಡವಿಲ್ಲದಿರುವುದೇ ಯುರೋಪಿನ ಕಾಫಿ ನಗರದ ಮೊದಲ ಲಕ್ಷಣ. ಚಿಕ್ಕಮಗಳೂರು ಸೋಲುವುದು ಇಲ್ಲಿಯೇ.

ಕಾಫಿ ಗಿಡದ ಚಿತ್ರವನ್ನು ಯುರೋಪಿಗೆ ಮೊದಲು ಅಚ್ಚಿನಲ್ಲಿ ತೋರಿಸಿದವನು ಪ್ರೊಸ್ಪೆರೊ ಅಲ್ಪೀನಿ. ಈಜಿಪ್ಟಿನಲ್ಲಿ ಕಂಡದ್ದನ್ನು 1592ರ ಪುಸ್ತಕದಲ್ಲಿ ಬರೆದ, ಮುಂದೆ ಪಾದುವಾದ ಸಸ್ಯೋದ್ಯಾನದ ಮುಖ್ಯಸ್ಥನಾದ. ನಮ್ಮ ಬಾಬಾ ಬುಡನ್ ಹದಿನೇಳನೆಯ ಶತಮಾನದಲ್ಲಿ ಹಜ್ ಮುಗಿಸಿ ಬರುವಾಗ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಹಾಕಿದರೆಂಬುದು ಪ್ರತೀತಿ. ಅವರು ಚಿತ್ರ ತಂದರು, ಇವರು ಬೀಜ ತಂದರು. ಪ್ರೊಫೆಸರಿಗೂ ಫಕೀರನಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಪ್ರಸ್ತುತ ಸಂಶೋಧಕನಿಗೆ ಬಾರದು.

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಬೆಳೆಯ ದೊಡ್ಡ ಪಾಲು ರೋಬಸ್ಟಾ. ಅವರ ಎಸ್ಪ್ರೆಸೊ ಮೇಲೆ ನಿಲ್ಲುವ ದಪ್ಪ ನೊರೆಗೆ ಅದು ಬೇಕು. ಬದಲಿಗೆ ನಮಗೆ ಬಂದದ್ದು ಚಿಕೋರಿ ಎಂಬ ಉಪಾಯ. ನೆಪೋಲಿಯನ್ನನು 1806ರಲ್ಲಿ ಇಂಗ್ಲಿಷರ ಸರಕಿಗೆ ದಿಗ್ಬಂಧನ ಹಾಕಿದಾಗ ಕಾಫಿ ಸಿಗದೆ ಫ್ರಾನ್ಸಿನವರು ಈ ಬೇರನ್ನು ಹುರಿದು ಪುಡಿ ಮಾಡಿ ಕುಡಿದು ರೂಢಿ ಮಾಡಿಕೊಂಡರು. ದಿಗ್ಬಂಧನ ಯಾವಾಗಲೋ ತೆರವಾಯಿತು. ಅರಸೀಕೆರೆಯ ಪುಡಿ ಅಂಗಡಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ಕಾಫಿ ಎಂದು ಮಾರುವ ಮಿಶ್ರಣದಲ್ಲಿ ಚಿಕೋರಿ ಶೇ. 49ರವರೆಗೆ ಇರಬಹುದೆಂದು ನಮ್ಮ ಕಾನೂನೇ ಹೇಳುತ್ತದೆ. ಬಹುಮತ ಕಾಫಿಗೆ ಇದ್ದರೆ ಸಾಕು. ಸರ್ಕಾರ ನಡೆಸಲೂ ಅಷ್ಟೇ ಸಾಕಲ್ಲ.

ಪಾದುವಾದ ಹೆಮ್ಮೆ 1831ರಲ್ಲಿ ತೆರೆದ ಪೆದ್ರೋಕಿ ಎಂಬ ಕೆಫೆ. 1916ರವರೆಗೆ ಹಗಲೂ ರಾತ್ರಿ ತೆರೆದಿರುತ್ತಿದ್ದುದರಿಂದ ಅದಕ್ಕೆ ಬಾಗಿಲಿಲ್ಲದ ಕೆಫೆಯೆಂದೇ ಹೆಸರು. ಅಲ್ಲಿ ಹಸಿರು, ಬಿಳಿ, ಕೆಂಪು ಕೋಣೆಗಳಿವೆ. ಬಿಳಿ ಕೋಣೆಯ ಗೋಡೆಯಲ್ಲಿ 1848ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳ ಮೇಲೆ ಆಸ್ಟ್ರಿಯಾದ ಸೈನಿಕರು ಹಾರಿಸಿದ ಗುಂಡಿನ ಗುರುತಿದೆ. ಹಸಿರು ಕೋಣೆಯಲ್ಲಿ ಏನೂ ಕೊಳ್ಳದೆ ಕೂತು ಪೇಪರ್ ಓದಬಹುದು. ಬಡ ವಿದ್ಯಾರ್ಥಿಗಳಿಗೆಂದು ಮಾಡಿದ ವ್ಯವಸ್ಥೆ. ಪ್ರಸ್ತುತ ಸಂಶೋಧಕನ ಕ್ಷೇತ್ರಕಾರ್ಯ ನಡೆದ ಬಸ್‌ಸ್ಟಾಪಿನ ಹೋಟೆಲಿಗೂ ಬಾಗಿಲಿಲ್ಲ, ಮೇಲೆತ್ತುವ ಷಟರ್ ಇದೆ. ಹೊರಗಿನ ಕಲ್ಲುಬೆಂಚಿನಲ್ಲಿ ಏನೂ ಕೊಳ್ಳದೆ ಪೇಪರ್ ಓದುವವರ ಸಂಖ್ಯೆ ಕೊಳ್ಳುವವರಿಗಿಂತ ಹೆಚ್ಚು. ಪೇಪರನ್ನು ಹಾಳೆ ಹಾಳೆಯಾಗಿ ಬಿಡಿಸಿ ಹಂಚಿಕೊಂಡಿದ್ದರು. ಕ್ರೀಡಾಪುಟಕ್ಕೆ ಸರದಿ ಇತ್ತು. ಗೋಡೆಯಲ್ಲಿ ತೂತುಗಳಿದ್ದವು, ಕ್ಯಾಲೆಂಡರಿನ ಮೊಳೆಯವು.

ಮಾಹಿತಿದಾರರಾದ ಹೋಟೆಲಿನ ಯಜಮಾನರೊಂದಿಗೆ ನಡೆದ ಸಂದರ್ಶನದ ಮುಖ್ಯಾಂಶ ಹೀಗಿದೆ.

"ಯಜಮಾನ್ರೇ, ಇಟಲಿಯಲ್ಲಿ ಒಂದು ಕಾಫಿ ಹೋಟೆಲಿದೆ. ಅಲ್ಲಿ ಕಾಫಿ ಮೇಲೆ ಪುದೀನ ಹಾಕಿದ ಹಸಿರು ಕೆನೆ ಬಿಡ್ತಾರೆ."

"ಪುದೀನ ಚಟ್ನಿಗಲ್ವಾ ಸ್ವಾಮಿ?"

"ಅಲ್ಲಿ ಕಾಫಿಗೆ."

"ಪಾಪ, ಕೊತ್ಮೀರಿ ಸಿಕ್ಕಿರಕ್ಕಿಲ್ಲ ಬುಡಿ." ಸ್ವಲ್ಪ ಹೊತ್ತು ಹಾಲು ಎತ್ತಿ ಹೊಯ್ದು, "ತಾವು ಯಾವ ಇಲಾಖೆಯೋರು?"

"ಸಂಶೋಧನೆ."

"ಹಂಗಾರೆ ಬೈ ಟೂ ಕೊಡ್ಲಾ?"

ಯಾವ ಇಲಾಖೆಯವರಿಗೆ ಎಷ್ಟು ಕಾಫಿ ಎಂಬುದು ಈ ವಿದ್ಯಾಕೇಂದ್ರದಲ್ಲಿ ಬಾಯಿಂದ ಬಾಯಿಗೆ ಬಂದ ಜ್ಞಾನ. ಮಾದರಿ ಸಂಗ್ರಹದಲ್ಲಿ ಕಾಫಿಗಿಂತ ಟೀ ಕೇಳಿದವರು ಹೆಚ್ಚಿದ್ದರು. ಆ ದತ್ತಾಂಶವನ್ನು ಪ್ರಕಲ್ಪನೆಗೆ ಹೊಂದುವುದಿಲ್ಲವಾದ್ದರಿಂದ ಕೈಬಿಟ್ಟಿದೆ.

ಅಲಕ್ಷ್ಯದ ಗುಣಮಟ್ಟ

ಕೊನೆಯದಾಗಿ, ಅಲಕ್ಷಿತತ್ವ. ಈ ಪರೀಕ್ಷೆಯಲ್ಲಿ ಪಾದುವಾ ನಪಾಸಾಗುತ್ತದೆ. ಅದರ ಸಸ್ಯೋದ್ಯಾನ 1997ರಲ್ಲೂ ಹದಿನಾಲ್ಕನೆಯ ಶತಮಾನದ ಭಿತ್ತಿಚಿತ್ರಗಳು 2021ರಲ್ಲೂ ವಿಶ್ವಪರಂಪರೆಯ ಪಟ್ಟಿ ಸೇರಿಬಿಟ್ಟಿವೆ. ಜೊತ್ತೋ ಬಿಡಿಸಿದ ಚಿತ್ರಗಳಿರುವ ಸ್ಕ್ರೊವೆನ್ಯಿ ಪ್ರಾರ್ಥನಾಮಂದಿರಕ್ಕೆ ಮೊದಲೇ ಟಿಕೆಟ್ ಕಾದಿರಿಸಿ, ತೇವ ಸರಿಹೋಗಲೆಂದು ಗಾಜಿನ ಕೋಣೆಯಲ್ಲಿ ಕೂತು, ಒಳಗೆ ಹದಿನೈದು ನಿಮಿಷ ನೋಡಿ ಹೊರಬರಬೇಕು. ಆ ಚಿತ್ರಗಳಿಗಿಂತ ಎಪ್ಪತ್ತು ವರ್ಷ ಹಳೆಯದಾದ ಹಾರನಹಳ್ಳಿಯ ಗೋಡೆಯ ಮುಂದೆ ಇಡೀ ಮಧ್ಯಾಹ್ನ ನಿಂತರೂ ಕೇಳುವವರಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಹೊಯ್ಸಳರ ಗುಡಿಗಳನ್ನು ಪಟ್ಟಿಗೆ ಸೇರಿಸಿದಾಗ ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಮಣೆ ಹಾಕಿತು. ಹಾರನಹಳ್ಳಿ ತನ್ನ ಅರ್ಹತೆಯನ್ನು ಸ್ವಲ್ಪವೂ ಕೆಡಿಸಿಕೊಳ್ಳದೆ ಉಳಿಯಿತು. ಪಾದುವಾಕ್ಕೆ ಹೋಗಿ ಪೆದ್ರೋಕಿಯ ಮುಂದೆ ಸೆಲ್ಫಿ ತೆಗೆದುಕೊಂಡು ಬಂದ ಹಾಸನದ ಕುಟುಂಬಗಳನ್ನು ಮಾತಾಡಿಸಿದಾಗ, ಹಾರನಹಳ್ಳಿ ಎಲ್ಲಿ ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು: ಅರಸೀಕೆರೆಗೆ ರೈಲು ಹಿಡಿಯಲು ಹೋಗುವಾಗ, ಬಸ್ಸು ನಿಧಾನ ಮಾಡುವ ಕಡೆ.

ಶಿಫಾರಸುಗಳು

ಹಾರನಹಳ್ಳಿಯನ್ನು ಅಲಕ್ಷಿತ ಎಂದು ಅಧಿಕೃತವಾಗಿ ಘೋಷಿಸಿ, ಊರ ಬಾಗಿಲಲ್ಲಿ ದೊಡ್ಡ ಫಲಕ ಹಾಕಬಾರದು. ಸೋಮೇಶ್ವರ ದೇವಾಲಯದ ಅಪೂರ್ಣ ಭಾಗಕ್ಕೆ ಸಂಶೋಧನಾರ್ಥಿಗಳನ್ನು ವರ್ಷಕ್ಕೊಮ್ಮೆ ಕರೆದೊಯ್ದು ತೋರಿಸಬೇಕು. ಹೋಟೆಲಿನ ಕಲ್ಲುಬೆಂಚಿಗೆ ಇನ್ನೊಂದು ಪೇಪರ್ ಹಾಕಿಸಬೇಕು. ಮತ್ತು ಈ ಅಧ್ಯಯನ ಪರಿಪೂರ್ಣವಾಗಬೇಕಾದರೆ ಪಾದುವಾದಲ್ಲಿ ತೌಲನಿಕ ಕ್ಷೇತ್ರಕಾರ್ಯ ಅನಿವಾರ್ಯವಾದ್ದರಿಂದ ಒಬ್ಬ ಸಂಶೋಧಕನಿಗೆ ವಿಮಾನ ಪ್ರಯಾಣ, ವಸತಿ ಮತ್ತು ಕಾಫಿಯ ವೆಚ್ಚ ಮಂಜೂರು ಮಾಡಬೇಕು.

ಹಸ್ತಪ್ರತಿಯನ್ನು ಆದ್ಯಂತ ಪರಿಶೀಲಿಸಿದ ಮಾರ್ಗದರ್ಶಕರು ಒಂದೇ ಒಂದು ತಿದ್ದುಪಡಿ ಮಾಡಿಕೊಟ್ಟಿದ್ದಾರೆ. ಮೇಲಿನ ಸಾಲಿನ 'ಒಬ್ಬ ಸಂಶೋಧಕನಿಗೆ' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಇಬ್ಬರಿಗೆ' ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದ್ದಾರೆ.