ಇಂಜಿನ್ ಕಾಕಾ

ಹುಬ್ಬಳ್ಳಿಯಲ್ಲಿ ಹೊಸ ಲಾರಿ ಕೊಳ್ಳುವವರು ಮೊದಲು ಸಿದ್ಧಾರೂಢ ಮಠಕ್ಕೆ ಹೋಗುತ್ತಾರೆ, ಆಮೇಲೆ ಫೈನಾನ್ಸಿನವರ ಹತ್ತಿರ. ಇವೆರಡರ ನಡುವೆ ಎಲ್ಲೋ ಇಂಜಿನ್ ಕಾಕಾ ಸಿಗುತ್ತಾರೆ. ಕರೆಯಬೇಕಾಗಿಲ್ಲ. ಗಬ್ಬೂರ ಕ್ರಾಸಿನ ಚಹಾದಂಗಡಿಯಲ್ಲಿ ಯಾರಾದರೂ "ಹತ್ತು ಗಾಲಿ" ಅಂತ ಬಾಯಿ ಬಿಟ್ಟರೆ ಸಾಕು, ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: "ಎಷ್ಟು ಕುದ್ರೀದು?"

ಕಾಕಾ ಲಾರಿ ಮಾಲಕರಲ್ಲ, ಡ್ರೈವರ್ ಅಲ್ಲ. ಮಿಸ್ತ್ರಿಯಂತೂ ಅಲ್ಲವೇ ಅಲ್ಲ. ಅಂಗಿಯ ಬಿಳುಪೇ ಹೇಳುತ್ತದೆ. ಯಾವುದೋ ಕಚೇರಿಯಲ್ಲಿ ಮೂವತ್ತು ವರ್ಷ ಆವಕ-ಜಾವಕ ಬರೆದು ನಿವೃತ್ತರಾದವರು. ಸ್ವಂತಕ್ಕೆ ಒಂದು ಹಳೇ ಟಿವಿಎಸ್ ಎಕ್ಸೆಲ್ ಇದೆ, 70 ಸಿಸಿಯದು. ಮಾತು ಮಾತ್ರ 6.7 ಲೀಟರಿನ ಲಾರಿ ಇಂಜಿನ್ನಿಗಿಂತ ಕೆಳಗೆ ಇಳಿಯುವುದಿಲ್ಲ. ಅಂದರೆ ಗಾಡಿಗೂ ಬಾಯಿಗೂ ಹೆಚ್ಚುಕಡಿಮೆ ತೊಂಬತ್ತೈದು ಪಟ್ಟು ಅಂತರ.

ಹಾಗಂತ ಕಾಕಾನ ವಿದ್ಯೆ ಪೂರ್ತಿ ಪೊಳ್ಳಲ್ಲ. ತಾಪತ್ರಯ ಇರುವುದೇ ಅಲ್ಲಿ. ಟಾಟಾ ಲಾರಿಯ ನಂಬರನ್ನು ಅವರು ಜಾತಕ ಓದಿದಂತೆ ಓದುತ್ತಾರೆ. "1613 ಅಂದ್ರ ಏನು? ಮುಂದಿನ ಎರಡು ಅಂಕಿ ಟನ್ನು. ಹಿಂದಿನ ಎರಡಕ್ಕ ಒಂದು ಸೊನ್ನಿ ಹಚ್ಚು, ಅದು ಕುದ್ರಿ. ಹದಿನಾರು ಟನ್ನು, ನೂರಾ ಮೂವತ್ತು ಕುದ್ರಿ. ಟನ್ನಿಗೆ ಎಂಟು ಬಿತ್ತು. 2518ರಾಗ ಏಳು. 2018ನೇ ಇಸ್ವಿಯಾಗ ಸರಕಾರದವ್ರು ಆಕ್ಸಲ್ ಲೋಡ್ ಏರಿಸಿದ್ರು. ಹತ್ತು ಗಾಲೀದು 25 ಟನ್ ಇದ್ದದ್ದು 28.5 ಆತು. ಕುದ್ರಿ ಅವ ನೂರಾ ಎಂಬತ್ತು! ಟನ್ನಿಗೆ ಆರರ ಆಸುಪಾಸು. 5530 ಟ್ರೇಲರ್ ತಗೋ, ಐದೂವರಿ. ಗಾಡಿ ದಪ್ಪ ಆದಂಗ ಕುದ್ರಿ ಸೊರಗಾಕತ್ತಾವ ನೋಡಪಾ."

ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿದೆ. ಸರಿ ಇತ್ತು. ಸಿಟ್ಟು ಬಂತು.

ಅವರು ಹೇಳದೆ ಬಿಡುವ ಭಾಗ ಬೇರೆ ಇದೆ. ಲಾರಿಯನ್ನು ನಿಂತಲ್ಲಿಂದ ಎಳೆಯುವುದು ಕುದುರೆಯ ಸಂಖ್ಯೆಯಲ್ಲ. ಕಡಿಮೆ ಸುತ್ತಿನಲ್ಲೇ ಇಂಜಿನ್ ಕೊಡುವ ತಿರುಚುಬಲ, ಅದನ್ನು ಗಾಲಿಗೆ ಮುಟ್ಟಿಸುವ ಗೇರು. ಲೀಟರಿನ ಲೆಕ್ಕವೂ ಹಳೆಯದಾಗಿದೆ. ಟಾಟಾದ ಹಿಂದಿನ 697 ಇಂಜಿನ್ 5.7 ಲೀಟರಿನಷ್ಟಿತ್ತು, 1613ರಲ್ಲಿ 130 ಕುದುರೆ ಕೊಡುತ್ತಿತ್ತು. ಈಗಿನ 5.6 ಲೀಟರಿನ ಕಮಿನ್ಸ್ 180ರ ಆಸುಪಾಸು ಕೊಡುತ್ತದೆ. ಹೊಟ್ಟೆ ಅಷ್ಟೇ, ಟರ್ಬೊ ಒಳಗೆ ತುರುಕುವ ಗಾಳಿ ಹೆಚ್ಚಾಯಿತು, ಡೀಸೆಲ್ ಚಿಮ್ಮಿಸುವ ಹಿಕಮತ್ತು ಬದಲಾಯಿತು. ಇದನ್ನು ಕಾಕಾನಿಗೆ ಹೇಳಿದರೆ ಕೈಯಾಡಿಸಿಬಿಡುತ್ತಾರೆ: "ಗಾಳಿ ತುರುಕಿದ್ರ ಫುಟ್ಬಾಲ್ ಆಗತದ, ಪೈಲ್ವಾನ್ ಆಗೂದಿಲ್ಲ."

ಒಮ್ಮೆ ಕ್ಲೀನರ್ ಹುಡುಗನೊಬ್ಬ ಅಮಾಯಕನಾಗಿ ಕೇಳಿದ, "ಕುದ್ರಿ ಅಂದ್ರ ಏನ್ರಿ ಕಾಕಾ?" ಕಾಕಾ ಎದ್ದು ನಿಂತರು. "75 ಕಿಲೋ ವಜ್ಜಾನ ಒಂದು ಸೆಕೆಂಡಿನಾಗ ಒಂದು ಮೀಟರ್ ಮ್ಯಾಲೆ ಎತ್ತಿದ್ರ ಒಂದು ಕುದ್ರಿ. ನನ್ನ ತೂಕ ಬರಾಬರ್ 75. ಅಂದ್ರ ನನ್ನ ಎತ್ತಿದ್ರ ಒಂದು ಹಾರ್ಸ್‌ಪವರ್."

ಚಹಾದಂಗಡಿಯವ ಕೆಟ್ಲಿಯಿಂದ ತಲೆ ಎತ್ತದೆ ಅಂದ, "ನಿಮ್ಮನ್ನ ಬೆಂಚಿನಿಂದ ಎಬ್ಬಸಾಕ ನನಗ ದಿನಾ ಒಂದ ತಾಸು ಹಿಡಿತೈತ್ರಿ."

ಈ ಊರಿನಲ್ಲಿ ಇಂಥವರು ಹುಟ್ಟಿಕೊಳ್ಳಲು ಕಾರಣವಿದೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ್ದು, ಅದು ಹುಬ್ಬಳ್ಳಿ ಕಡೆಯ ವಿಆರ್‌ಎಲ್ ಸಾರಿಗೆ ಕಂಪನಿಯಾಗಿ ಬೆಳೆದದ್ದು ಇಲ್ಲಿಯ ಮಕ್ಕಳಿಗೂ ಗೊತ್ತು. ಹೀಗಾಗಿ ಮೊದಲ ಲಾರಿಗೆ ಕುಂಕುಮ ಹಚ್ಚುವ ಪ್ರತಿಯೊಬ್ಬನ ಕಣ್ಣಿಗೂ ಅದರ ಹಿಂದೆ ಸಾವಿರ ಲಾರಿ ಸಾಲಾಗಿ ನಿಂತಂತೆ ಕಾಣುತ್ತದೆ. ಸಾವಿರದ ಮೊದಲನೆಯದು ಅಂದಮೇಲೆ ಇಂಜಿನ್ ಸಣ್ಣದಾದೀತೆ? "ಆವಾಗ ನಾ ಹೈಸ್ಕೂಲಿನಾಗಿದ್ದೆ," ಅನ್ನುತ್ತಾರೆ ಕಾಕಾ, ಉಸಿರು ಬಿಟ್ಟು. "ಇಲ್ಲಂದ್ರ ಅವ್ರಿಗೂ ಒಂದು ಮಾತು ಹೇಳ್ತಿದ್ದೆ."

ನನ್ನ ಅಕ್ಕನ ಮಗ ಕಾಕಾನ ಕೈಗೆ ಸಿಕ್ಕಿದ್ದು ಕಳೆದ ದಸರೆಗೆ. ಯಲ್ಲಾಪುರದ ಮೇಲೆ ಅಂಕೋಲೆಗೆ ಲೋಡು ಹೊಡೆಯುವ ಕೆಲಸ ಹಿಡಿದಿದ್ದ. ಕಾಕಾ ಬೆರಳಿನಿಂದ ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಅರಬೈಲ್ ಘಟ್ಟವನ್ನು ಬರೆದರು. ತಿರುವುಗಳ ಸಮೇತ. "ಈ ಘಟ್ಟ ಅದಲಾ, ಇದು ಸಣ್ಣ ಇಂಜಿನ್ನಿನ ಸ್ಮಶಾನ. 6.7ರ ಕೆಳಗ ತಗೊಂಡ್ರ ನನ್ನ ಮಾರಿ ತೋರಸಬ್ಯಾಡ."

ಮೂಲೆಯಲ್ಲಿ ಗಿರಮಿಟ್ ತಿನ್ನುತ್ತಿದ್ದ ಹಳೇ ಡ್ರೈವರ್ ಒಬ್ಬ ಕತ್ತೆತ್ತಿದ. ಹೊಸಪೇಟೆ ಕಡೆಯ ಅದಿರನ್ನು ಬೇಲೆಕೇರಿ, ಕಾರವಾರ ಬಂದರುಗಳಿಗೆ ಹೊತ್ತವನು. 2010ರಲ್ಲಿ ರಾಜ್ಯ ಸರಕಾರ ಅದಿರಿನ ರಫ್ತು ನಿಲ್ಲಿಸುವ ತನಕ ಆ ಘಟ್ಟದಲ್ಲೇ ಅರ್ಧ ಜೀವ ಸವೆಸಿದವನು.

"ಕಾಕಾರ, ಇವರ ಲೋಡ್ ಘಟ್ಟ ಏರತೈತೋ ಇಳೀತೈತೋ?"

"ಇಳೀತದ."

"ಬರೋ ಮುಂದ?"

"ಖಾಲಿ," ಅಂದ ನನ್ನ ಅಳಿಯ.

"ಇಳಿಯಾಕ ಕುದ್ರಿ ಯಾಕ ಬೇಕ್ರಿ? ಲಗಾಮ್ ಬೇಕು."

ಅಂಗಡಿಯಲ್ಲಿ ನಗೆ ಎದ್ದಿತು. ಕಾಕಾ ಮುಗಿದರು ಅಂತ ನಾನೂ ಖುಷಿಪಟ್ಟೆ. ಅವರು ಬಸಿಯಲ್ಲಿದ್ದ ಚಹಾ ಮುಗಿಸಿ, ಬಾಯಿ ಒರೆಸಿಕೊಂಡು ನಿಧಾನ ಶುರು ಮಾಡಿದರು: "ದೊಡ್ಡ ಇಂಜಿನ್ನಿಂದು ಲಗಾಮೂ ದೊಡ್ಡದು. ಇಳಿಜಾರಿನಾಗ ಸಣ್ಣ ಗೇರಿಗೆ ಹಾಕಿ ಕಾಲು ತಗದ್ರ ಗಾಡಿ ಹಿಡಿಯೋದು ಯಾವುದು, ನಿನ್ನ ಬ್ರೇಕೋ, ಇಂಜಿನ್ನೋ? ಎಕ್ಸಾಸ್ಟ್ ಬ್ರೇಕ್ ಏನ್ ಶೋಕಿಗೆ ಇಟ್ಟಾರೇನು?"

ಡ್ರೈವರ್ ಸ್ವಲ್ಪ ಹೊತ್ತು ಚುನಮರಿ ಅಗಿದ. "ಅದೂ ಖರೇನ ಅನ್ರಿ," ಅಂದ. ಕಾಕಾ ಹೀಗೆ ಹತ್ತರಲ್ಲಿ ಎರಡು ಸಲ ಖರೇ ಹೇಳುವುದರಿಂದಲೇ ಉಳಿದ ಎಂಟು ಸಲ ಜನ ಹಾಳಾಗುವುದು.

ನನ್ನ ಅಳಿಯನನ್ನು ಉಳಿಸಿದವಳು ಅವನ ಹೆಂಡತಿ. ಬಿ.ಕಾಂ. ಓದಿದ ಹುಡುಗಿ. ಯಾರದೋ ಲಗ್ನಪತ್ರಿಕೆಯ ಹಿಂದೆ ಬರೆದಳು: ತಿಂಗಳಿಗೆ 8,000 ಕಿಲೋಮೀಟರ್ ಓಡುತ್ತದೆ ಅನ್ನೋಣ. ಎವರೇಜ್ 4 ಬಂದರೆ 2,000 ಲೀಟರ್. ದೊಡ್ಡ ಇಂಜಿನ್ 3.5 ಕೊಟ್ಟರೆ ಹತ್ತಿರಹತ್ತಿರ 2,286. ಲೀಟರಿಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ ಇಪ್ಪತ್ತೈದು ಸಾವಿರ ಹೆಚ್ಚು. ಕಂತು ಬೇರೆ, ಟಯರು ಬೇರೆ, 2020ರ ಬಿಎಸ್-6 ಬಂದಮೇಲೆ ಯೂರಿಯಾ ಕ್ಯಾನು ಬೇರೆ. "ಖಾಲಿ ಬರೋ ಗಾಡಿಗೆ ಇಷ್ಟು ಕುದ್ರಿ ಕಟ್ಟಿದ್ರ ಹುಲ್ಲು ಹಾಕೋರು ಯಾರ್ರಿ?" ಅಂತ ಕೇಳಿದಳು. ಸಣ್ಣ ಇಂಜಿನ್ನಿಗೆ ಓವರ್‌ಲೋಡ್ ಹೇರಿದರೆ ಅದೂ ಏದುಸಿರು ಬಿಟ್ಟು ಅಷ್ಟೇ ಕುಡಿಯುತ್ತದೆ, ಅದಕ್ಕೇ ಪಾಸಿಂಗಿನಷ್ಟೇ ಹೇರಬೇಕು ಅಂತ ಗಂಡನಿಗೆ ಅಲ್ಲೇ ತಾಕೀತು ಮಾಡಿದಳು.

ಕೊನೆಗೆ 5.6 ಲೀಟರಿನ ಹತ್ತು ಗಾಲಿ ಮನೆಗೆ ಬಂತು. ಪೂಜೆಗೆ ಕಾಕಾ ಎಲ್ಲರಿಗಿಂತ ಮೊದಲು ಹಾಜರು. ಬಾನೆಟ್ ತಟ್ಟಿ ಬಂದವರಿಗೆಲ್ಲ ಹೇಳುತ್ತಿದ್ದರು: "ನಾನ ಹೇಳಿದ್ದೆ, ಇಳಿಯೋ ಲೋಡಿಗೆ ಇದ ಸಾಕು ಅಂತ." ಹಳೇ ಡ್ರೈವರ್ ಪೇಢೆ ತಿನ್ನುತ್ತ ನನ್ನ ಕಡೆ ನೋಡಿದ, ಏನೂ ಅನ್ನಲಿಲ್ಲ. ಈಗ ಆ ಲಾರಿ ಓಡಿಸುವವನು ಅವನೇ.

ಮೊನ್ನೆ ಸಂಜೆ ನೃಪತುಂಗ ಬೆಟ್ಟದ ಏರಿನಲ್ಲಿ ಕಾಕಾ ಕಂಡರು. ಎಕ್ಸೆಲ್ ಮೇಲೆ ಮುಂದೆ ಐದು ಕಿಲೋ ಜೋಳದ ಚೀಲ, ಹಿಂದೆ ಕಾಕು. ಅರ್ಧ ಏರಿನಲ್ಲಿ ಗಾಡಿ ಗೊರ ಗೊರ ಅಂದು ನಿಂತೇಬಿಟ್ಟಿತು. ನನ್ನನ್ನು ನೋಡಿ ಕಾಕಾ, "ಗೇರ್ ರೇಶಿಯೋ," ಅಂದರು. ಎಕ್ಸೆಲ್ಲಿಗೆ ಬದಲಾಯಿಸುವ ಗೇರೇ ಇಲ್ಲ ಅನ್ನಲು ನನಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಕಾಕು ಇಳಿದು, ಸೀರೆ ಸರಿಮಾಡಿಕೊಂಡು, ಏರು ಹತ್ತತೊಡಗಿದ್ದರು.

"ಲೋಡ್ ಇಳದೈತಿ," ಅಂದರು ತಿರುಗಿ ನೋಡದೆ. "ಈಗ ಬರ್ರಿ."